ಅತ್ತೆಯ ಕೌದಿ, ನನ್ನ ನಾಯಿ

ಈಗಲೂ ಯಾರಾದರೂ ನನ್ನೆದುರು ಕೂತು, ನಾಯಿ ಸಾಕಿದರೆ ಮನೆಯಲ್ಲಿ ಚಿಗಟ ಆಗುತ್ತವೆ ಅಂತ ಶುರು ಮಾಡಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಚಹಾ ಕುಡಿಯಲು ಬಂದ ಒಳ್ಳೆಯ ಜನ, ಅವರ ಮೇಲೆ ಹರಿಹಾಯಬಾರದು ಎಂದು ನನಗೂ ಗೊತ್ತು. ಆದರೂ ಕಪ್ಪು ಬಸಿ ಸ್ವಲ್ಪ ಜೋರಾಗಿಯೇ ಇಡುತ್ತೇನೆ. ನಮ್ಮ ಯಜಮಾನರಿಗೆ ಆ ಸಪ್ಪಳದ ಅರ್ಥ ಗೊತ್ತು. ಅವರು ಕೂಡಲೇ ಮಳೆಯ ಮಾತು ತೆಗೆಯುತ್ತಾರೆ.

ನಮ್ಮದು ವಿಜಯಪುರದ ಹಳೆಯ ಓಣಿಯೊಂದರ ಮನೆ. ಗಾಂಧಿ ಚೌಕದಲ್ಲಿ ಯಜಮಾನರ ಕಿರಾಣಿ ಅಂಗಡಿ. ಮನೆಯಲ್ಲಿ ನಾನು, ಅವರು, ಅತ್ತೆ, ಮೂರೇ ಜನ. ಮೈದುನ ತಿಕೋಟಾದಲ್ಲಿ ತೋಟದ ಮನೆ ಕಟ್ಟಿಕೊಂಡು ದ್ರಾಕ್ಷಿ ನೋಡಿಕೊಳ್ಳುತ್ತಾನೆ. ನಾಯಿಯನ್ನು ತಂದವನೂ ಅವನೇ. ಓಣಿಯ ಒಂದು ಮನೆಯಲ್ಲಿ ಕಳವಾದ ಮೇಲೆ ಅತ್ತೆಯೇ ಅವನಿಗೆ ಫೋನು ಹಚ್ಚಿಸಿ, ತೋಟದ ನಾಯಿ ಹಾಕಿದ ಮರಿಗಳಲ್ಲಿ ಒಂದನ್ನು ತಂದು ಬಿಡು ಎಂದಿದ್ದರು. ಈ ಮಾತನ್ನು ಮೊದಲೇ ಬರೆದಿಡುತ್ತಿದ್ದೇನೆ, ಯಾಕೆಂದರೆ ಆಮೇಲೆ ನಮ್ಮ ಮನೆಯಲ್ಲಿ ಇದು ಯಾರಿಗೂ ನೆನಪಿರಲಿಲ್ಲ. ಎಲ್ಲರ ಬಾಯಲ್ಲೂ ಅದು ‘ನಿನ್ನ ನಾಯಿ’ ಆಗಿಬಿಟ್ಟಿತ್ತು.

ಕೆಂದು ಬಣ್ಣದ, ಒಂದು ಕಿವಿ ಸದಾ ಮಡಚಿಕೊಂಡೇ ಇರುವ ಬರೀ ಬೀದಿ ಜಾತಿಯ ನಾಯಿ. ಮುಂಜಾನೆ ನಾನು ರೊಟ್ಟಿ ಬಡಿಯಲು ಶುರು ಮಾಡಿದರೆ ಎಲ್ಲಿದ್ದರೂ ಬಂದು ಅಡಿಗೆಮನೆಯ ಬಾಗಿಲಲ್ಲಿ ಕೂಡುತ್ತಿತ್ತು. ಮೊದಲ ರೊಟ್ಟಿ ಅದಕ್ಕೆ. ಮಧ್ಯಾಹ್ನ ಮಾತ್ರ ನನ್ನನ್ನು ಬಿಟ್ಟು ಒಳಕೋಣೆಗೆ ಹೋಗಿ ಅತ್ತೆಯ ಮಂಚದ ಕಾಲದೆಸೆಯಲ್ಲಿ ನೆಲದ ಮೇಲೆ ಮಲಗುತ್ತಿತ್ತು. ಅತ್ತೆ ಕಾಲು ಇಳಿಬಿಟ್ಟುಕೊಂಡು ಕೂತು ಪಾದಗಳನ್ನು ಅದರ ಬೆನ್ನಿನ ಮೇಲೆ ಇಡುತ್ತಿದ್ದರು. ಕೀಲು ನೋವಿಗೆ ಶಾಖ ಆಗುತ್ತದೆ ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ನಾಯಿ ಅಲುಗಾಡುತ್ತಿರಲಿಲ್ಲ. ಅತ್ತೆಗೆ ನಿದ್ದೆ ಬಂದು ಕಾಲು ತಾವೇ ಮೇಲಕ್ಕೆ ಎಳೆದುಕೊಳ್ಳುವವರೆಗೂ ಹಾಗೇ ಇರುತ್ತಿತ್ತು.

ಆ ಮಂಚದ ಪಕ್ಕದಲ್ಲೇ ಕೌದಿಗಳ ರಾಶಿ. ಎರಡು ಕಬ್ಬಿಣದ ಟ್ರಂಕು ಜೋಡಿಸಿ ಅವುಗಳ ಮೇಲೆ ಮಡಚಿ ಮಡಚಿ ಪೇರಿಸಿದ ಕೌದಿಗಳು ಹೆಚ್ಚುಕಡಿಮೆ ತೊಲೆಯ ತನಕ ಹೋಗುತ್ತಿದ್ದವು. ಹಳೆಯ ಇಳಕಲ್ ಸೀರೆ, ಧೋತರ, ಮಕ್ಕಳ ಅಂಗಿ, ಎಲ್ಲವನ್ನೂ ಪದರಪದರವಾಗಿ ಜೋಡಿಸಿ ಅತ್ತೆ ಕೈಯಾರೆ ಹೊಲಿದದ್ದು. ಒಂದೊಂದು ಕೌದಿ ಎತ್ತಬೇಕಾದರೆ ಸೊಂಟ ಹಿಡಿಯುತ್ತದೆ. ಮನೆಗೆ ಬಂದ ಹೆಂಗಸರು ಮೊದಲು ನೋಡುವುದು ಆ ರಾಶಿಯನ್ನೇ. ಅದರ ಎತ್ತರ ನೋಡಿಯೇ ಈ ಮನೆಯ ಹೆಣ್ಣುಮಗಳು ಎಂಥವಳು ಎಂದು ಅಳೆಯುತ್ತಿದ್ದ ಕಾಲ ಅತ್ತೆಯದು. ದ್ರಾಕ್ಷಿ ಒಣಗಿಸುವ ದಿನಗಳಲ್ಲಿ ಅವುಗಳಲ್ಲಿ ಕೆಲವು ತಿಕೋಟಾಕ್ಕೆ ಹೋಗುತ್ತವೆ, ಶೆಡ್ಡಿನಲ್ಲಿ ಒಣದ್ರಾಕ್ಷಿ ಕಾಯಲು ಮಲಗುವವರಿಗೆ. ಅದೇ ಹೊತ್ತಿಗೆ ಬಿಜ್ಜರಗಿ ಕಡೆಯಿಂದ ಆಡು ಕುರಿಯ ಹಿಂಡು ಬಂದು ಗೊಬ್ಬರಕ್ಕಾಗಿ ಹೊಲದಲ್ಲಿ ತಂಗುತ್ತದೆ, ಹಿಂಡಿನ ಜೊತೆ ಹಿಂಡಿನ ನಾಯಿಗಳು. ಬೇಸಿಗೆ ಮುಗಿಯುವಾಗ ಕೌದಿಗಳು ವಾಪಸು ಬರುತ್ತವೆ. ಒಂದು ಸಲ ಝಾಡಿಸಿ, ಮಡಚಿ, ರಾಶಿಯ ಮೇಲೆ. ಒಗೆಯುವುದು ವರ್ಷಕ್ಕೆ ಒಮ್ಮೆ, ಮಹಾನವಮಿಯ ಮುಂದೆ. ನಮ್ಮ ಕಡೆ ಎಲ್ಲ ಮನೆಗಳಲ್ಲೂ ಹಾಗೆಯೇ.

ಆ ವರ್ಷ ಮಳೆ ಹಿಡಿದ ಮೇಲೆ ಅತ್ತೆಯ ಕಣಕಾಲಿನ ಸುತ್ತ ಕೆಂಪು ಗುಳ್ಳೆಗಳು ಎದ್ದವು. ಮೊದಲು ಸೊಳ್ಳೆ ಎಂದರು. ಆಮೇಲೆ ಬಿಳಿ ಸೀರೆಯ ಮೇಲೆ ಒಂದು ಕಂಡಿತು. ಸಾಸಿವೆಗಿಂತ ಸಣ್ಣದು, ಕಂದು ಬಣ್ಣ, ಹಿಡಿಯಲು ಬೆರಳು ಚಾಚುವಷ್ಟರಲ್ಲಿ ಹಾರಿ ಮಾಯ. ಚಿಗಟ. ಅತ್ತೆ ಅದನ್ನು ನೋಡಿದರು, ಆಮೇಲೆ ಕಾಲ ಕೆಳಗಿದ್ದ ನಾಯಿಯನ್ನು ನೋಡಿದರು. ಅಲ್ಲಿಗೆ ವಿಚಾರಣೆ ಮುಗಿಯಿತು.

ನಾಯಿಯನ್ನು ಹೊರಗೆ ಕಟ್ಟಬೇಕು, ಇಲ್ಲವೇ ಬಿಟ್ಟು ಬರಬೇಕು ಎಂದು ತೀರ್ಪಾಯಿತು. ನಾನು ಒಪ್ಪಲಿಲ್ಲ. ಔಷಧ ಮಾಡೋಣ, ಮೊದಲು ಔಷಧ, ಆಮೇಲೆ ಮಾತು ಎಂದೆ. ಯಜಮಾನರು ಎಂದಿನಂತೆ ಇಬ್ಬರಿಗೂ ಹೂಂ ಅಂದು ಅಂಗಡಿಗೆ ಹೋದರು. ಮನೆಯಲ್ಲಿ ಗಾಳಿ ಬಿಸಿಯಾಯಿತೆಂದರೆ ಈ ಮನುಷ್ಯನಿಗೆ ಗಾಂಧಿ ಚೌಕದಲ್ಲಿ ಎಲ್ಲಿಲ್ಲದ ಗಿರಾಕಿ ಬಂದುಬಿಡುತ್ತಾರೆ.

ನಾಯಿಯ ಜೊತೆ ಆಟೋ ಹತ್ತುವುದು ಎಂಥ ಕೆಲಸ ಎಂದು ಮಾಡಿದವರಿಗೇ ಗೊತ್ತು. ಸೀಟು ಹೊಲಸಾಗುತ್ತದೆ ಎಂದು ಒಬ್ಬ, ಕಚ್ಚುತ್ತದೆ ಎಂದು ಇನ್ನೊಬ್ಬ. ಮತ್ತೊಬ್ಬ ಏನೂ ಹೇಳದೆ ಗುಟ್ಕಾ ಉಗುಳಿ ಮುಂದೆ ಹೋದ. ಅವನು ಉಗುಳಿದ್ದಕ್ಕಿಂತ ನನ್ನ ನಾಯಿ ಸ್ವಚ್ಛವಿತ್ತು. ಕೊನೆಗೆ ಹಳೆಯ ಸೀರೆಯಲ್ಲಿ ಅದನ್ನು ಸುತ್ತಿ, ಕೂಸಿನ ಹಾಗೆ ತೊಡೆಯ ಮೇಲೆ ಹಾಕಿಕೊಂಡು ಆಸ್ಪತ್ರೆ ಮುಟ್ಟಿಸಿದೆ.

ಅಲ್ಲಿನ ಡಾಕ್ಟರು ಹೆಣ್ಣುಮಗಳು, ನನಗಿಂತ ಬಹಳ ಸಣ್ಣವರು. ಒತ್ತು ಹಲ್ಲಿನ ಹಣಿಗೆಯಿಂದ ನಾಯಿಯ ಬೆನ್ನು ಬಾಚಿದರು. ಹಣಿಗೆಗೆ ಹತ್ತಿದ ಕಪ್ಪು ಪುಡಿಯನ್ನು ಒದ್ದೆ ಹತ್ತಿಯ ಮೇಲೆ ಉದುರಿಸಿ, ನೋಡಿ ಎಂದು ನನ್ನ ಮುಂದೆ ಹಿಡಿದರು. ನೋಡುತ್ತಿದ್ದಂತೆ ಆ ಕಪ್ಪು ಚುಕ್ಕೆಗಳ ಸುತ್ತ ಕೆಂಪು ಹರಡಿತು. ಅದು ಮಣ್ಣಲ್ಲ, ಚಿಗಟದ ಹಿಕ್ಕೆ, ಅದು ಕುಡಿದ ರಕ್ತ ಎಂದರು. ಆಮೇಲೆ ಕುತ್ತಿಗೆಯ ಹಿಂದೆ, ನಾಲಿಗೆ ಮುಟ್ಟದ ಜಾಗದಲ್ಲಿ ಕೂದಲು ಬಿಡಿಸಿ ಔಷಧ ಹನಿಸಿದರು. ನಾಯಿ ಏನು ಹಚ್ಚಿದರೂ ನೆಕ್ಕುತ್ತದೆ, ಬೇರೆ ಏನನ್ನೂ ಹಚ್ಚಬೇಡಿ ಎಂದು ಒತ್ತಿ ಹೇಳಿದರು. ನಾನು ಹೊರಡಲು ಎದ್ದಾಗ ಮತ್ತೆ ಕೂರಿಸಿದರು.

“ನಾಯಿ ಮ್ಯಾಲ ಕಾಣೂವು ಸ್ವಲ್ಪ ಅಷ್ಟ ರೀ. ತತ್ತಿ, ಮರಿ ಎಲ್ಲಾ ನಿಮ್ಮ ಮನ್ಯಾಗ ಅದಾವ. ಹಾಸಿಗಿ ಹೊದಿಕಿ ಎಲ್ಲಾ ಕುದಿಯೂ ನೀರಾಗ ಹಾಕಿ ತಗೀರಿ. ಅದನ್ನ ಬಿಟ್ಟು ನಾಯಿಗಷ್ಟ ಔಷಧ ಹಾಕಿದ್ರ ಏನೂ ಆಗೂದಿಲ್ಲ.”

ಮನೆಗೆ ಬಂದು ಅಡಿಗೆಮನೆಯಿಂದ ಪಡಸಾಲೆಯವರೆಗೆ ಗುಡಿಸಿದೆ. ಫರಸಿ ಕಲ್ಲುಗಳ ಸಂದಿಗೆ ಕುದಿಯುವ ನೀರು ಸುರಿದೆ. ನಮ್ಮ ಹಾಸಿಗೆ, ಚಾದರ, ದಿಂಬಿನ ಚೀಲ ಎಲ್ಲ ಒಗೆದು ಮಾಳಿಗೆಯ ಮೇಲೆ ಹಾಕಿದೆ. ಆಮೇಲೆ ಕೌದಿ ರಾಶಿಗೆ ಕೈ ಹಚ್ಚಿದೆ. ಅತ್ತೆ ಮಂಚದಿಂದ ಎದ್ದೇಬಿಟ್ಟರು. ಕೀಲು ನೋವಿರುವ ಮುದುಕಿ ಅಷ್ಟು ಲಗುಬಗೆಯಿಂದ ಎದ್ದಿದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ.

“ಮುಟ್ಟಬ್ಯಾಡ ಬೇ. ಮಾನಮಿ ಮುಂದ ಒಗದ್ರಾತು. ಈಗ ಕೌದಿ ಹೊರಗ ಹಾಕಿದ್ರ ಈ ಮನ್ಯಾಗ ಯಾರ ಸತ್ತಾರ ಅಂತ ಕೇಳ್ತಾರ ಓಣ್ಯಾಗ.”

ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಮಹಾನವಮಿ ಬಿಟ್ಟರೆ ಮನೆಯ ಕೌದಿಗಳೆಲ್ಲ ಒಮ್ಮೆಲೇ ಹೊರಗೆ ಬೀಳುವುದು ಸೂತಕ ಕಳೆಯುವಾಗ ಮಾತ್ರ. ನಲ್ಲಿಗೆ ನೀರು ಬರುವುದೇ ಅಪರೂಪ, ಅಷ್ಟು ಕೌದಿ ನೆನೆಸಲು ನೀರೆಲ್ಲಿ ಎಂದೂ ಕೇಳಿದರು. ಮಳೆಗಾಲದಲ್ಲಿ ಅವು ಒಣಗುವುದು ಹೇಗೆ ಎಂದರು. ಎಲ್ಲ ಪ್ರಶ್ನೆಗಳೂ ಸರಿಯಾದವೇ. ಆದರೆ ಆ ಸರಿಯಾದ ಪ್ರಶ್ನೆಗಳ ಅಡಿಯಲ್ಲಿ ಚಿಗಟಗಳು ಆರಾಮಾಗಿ ತತ್ತಿ ಇಡುತ್ತಿದ್ದವು. ಡಾಕ್ಟರು ಹೇಳಿದ್ದನ್ನು ಮತ್ತೆ ಮತ್ತೆ ಹೇಳಿದೆ. ಇಷ್ಟು ವರ್ಷ ಇದೇ ಕೌದಿ ಹೊದ್ದು ಮಲಗಿದ್ದೇವೆ, ಆಗ ಇಲ್ಲದ ಚಿಗಟ ಈಗ ಬಂದಿವೆಯೆಂದರೆ ಕೌದಿಯಿಂದಲೋ ನಾಯಿಯಿಂದಲೋ ಎಂದು ಅತ್ತೆ ತಿರುಗಿ ಕೇಳಿದರು. ಯಜಮಾನರು ಪೇಪರು ಮುಖಕ್ಕೆ ಅಡ್ಡ ಹಿಡಿದು ಕೂತಿದ್ದರು. ಅವರು ಓದುತ್ತಿದ್ದ ಪುಟ ಬಹಳ ಹೊತ್ತು ತಿರುಗಲಿಲ್ಲ.

ಔಷಧ ಹನಿಸಿದ ಮೇಲೆ ನಾಯಿಯ ತುರಿಕೆ ಕಡಿಮೆಯಾಯಿತು. ಆದರೆ ಅದು ಮಲಗುತ್ತಿದ್ದ ಜಾಗ ಅದೇ, ಕೌದಿ ರಾಶಿಯ ಬುಡ. ಹೊಸ ಹೊಸ ಚಿಗಟಗಳು ದಿನಾ ಎದ್ದು ಬರುತ್ತಿದ್ದವು. ಔಷಧಕ್ಕೆ ಸಾಯುವ ಮುಂಚೆ ಅದರ ಮೈಮೇಲೆ ಅಡ್ಡಾಡುವುದು ಕಣ್ಣಿಗೆ ಬೀಳುತ್ತಿತ್ತು. ನೋಡು, ದವಾಖಾನೆಗೆ ಹೋಗಿ ಬಂದರೂ ಅದರ ಮೇಲೆ ಚಿಗಟ ಇದ್ದೇ ಇವೆ ಎಂದು ಅತ್ತೆ ತೋರಿಸುತ್ತಿದ್ದರು. ಓಣಿಯವರಿಗೂ ಕೆಲಸ ಸಿಕ್ಕಿತು. ಒಬ್ಬಾಕೆ ಸೀಮೆಎಣ್ಣೆ ಹಚ್ಚು ಎಂದಳು. ಇನ್ನೊಬ್ಬಾಕೆ ಫಿನೈಲಿನಲ್ಲಿ ಮೀಯಿಸು ಎಂದಳು. ಬೇವಿನ ತಪ್ಪಲು ಎಂದವರನ್ನು ಮಾತ್ರ ನಾನು ಬಯ್ಯಲಿಲ್ಲ. ಬೇವಿನಿಂದ ಚಿಗಟ ಹೋಗದಿದ್ದರೂ ನಾಯಿಯಂತೂ ಸಾಯುವುದಿಲ್ಲ.

ಹೀಗಿರುವಾಗ ಮೈದುನ ಬಂದ. ಅತ್ತೆ ಕಾಲು ಚಾಚಿ ಗುಳ್ಳೆ ತೋರಿಸಿದರು. ಅವನು ಒಂದು ಗಳಿಗೆಯೂ ಯೋಚಿಸಲಿಲ್ಲ. ತೋಟದಲ್ಲಿ ಎಣ್ಣೆ ಇದೆ, ತಂದು ನಾಯಿಗೂ ಮನೆಗೂ ಒಂದೊಂದು ಕೈ ಹೊಡೆದುಬಿಡುತ್ತೇನೆ ಎಂದ. ನಮ್ಮ ಕಡೆ ಬೆಳೆಗೆ ಸಿಂಪಡಿಸುವ ವಿಷಕ್ಕೆ ಎಣ್ಣೆ ಅಂತಲೇ ಅನ್ನುತ್ತಾರೆ. ದ್ರಾಕ್ಷಿ ಬೆಳೆಯುವವರಿಗೆ ಅದರ ವಾಸನೆ ಊಟದ ವಾಸನೆಯಷ್ಟೇ ರೂಢಿ. ಚಾಟಣಿ, ಅಂದರೆ ಬಳ್ಳಿ ಸವರುವುದು, ಮಾಡಿದ ದಿನದಿಂದ ಹಣ್ಣು ಕಡಿಯುವ ತನಕ ಬುಡ್ಡಿ ಮುಗಿದರೆ ಇನ್ನೊಂದು ಬುಡ್ಡಿ, ಹುಳಕ್ಕೊಂದು, ಬೂದಿರೋಗಕ್ಕೊಂದು. ಜಗತ್ತಿನಲ್ಲಿ ಹರಿದಾಡುವ ಏನೇ ಇರಲಿ, ಮೈದುನನ ಹತ್ತಿರ ಅದಕ್ಕೊಂದು ಬುಡ್ಡಿ ಇದೆ. ನಾಯಿ ಗಿಡ ಅಲ್ಲ, ಅದಕ್ಕೆ ನಾಲಿಗೆ ಇದೆ, ಮೈ ನೆಕ್ಕಿಕೊಳ್ಳುತ್ತದೆ ಎಂದೆ. ಅವನು ನಕ್ಕ.

“ದ್ರಾಕ್ಷಿಗಿ ಹೊಡದದ್ದನ್ನ ಮಂದಿ ತಿಂತಾರ ವೈನಿ. ಮಂದಿಗಿ ಏನೂ ಆಗೂದಿಲ್ಲ, ನಾಯಿಗಿ ಏನಾಗ್ತೈತಿ?”

ಈ ಮಾತಿಗೆ ನನಗೆ ಸಿಟ್ಟು ಬಂತು. ನನ್ನ ನಾಯಿಯನ್ನು ಮುಟ್ಟಿದರೆ ನೋಡು ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿಬಿಟ್ಟೆ. ಅವನು ಊಟ ಮಾಡಿ ಎದ್ದು ಹೋದ. ನಾಯಿಯ ಸಲುವಾಗಿ ಮನೆಯ ಮಗನಿಗೆ ಹೀಗೆ ಅಂದಳು ಎಂದು ಅತ್ತೆ ನನ್ನ ಜೊತೆ ಮಾತು ಬಿಟ್ಟರು.

ನನ್ನ ತವರು ಬಬಲೇಶ್ವರ. ಅಣ್ಣನ ಮಗಳ ಕುಬಸಕ್ಕೆ ಹೋಗಲೇಬೇಕಿತ್ತು. ಬಸುರಿ ಹುಡುಗಿಗೆ ಹಸಿರು ಬಳೆ ತೊಡಿಸುವ ಕೆಲಸ ಸೋದರತ್ತೆ ಇಲ್ಲದೆ ಆಗುವುದಿಲ್ಲ. ಹೋಗುವ ಮುಂಚೆ ಯಜಮಾನರನ್ನು ಕೂರಿಸಿ, ನಾಯಿಗೆ ಮುಂಜಾನೆ ರೊಟ್ಟಿ, ಸಂಜೆ ಹಾಲು ರೊಟ್ಟಿ, ನಾನು ಬರುವ ತನಕ ಬೇರೆ ಏನೂ ಮಾಡಬೇಡಿ ಎಂದು ಹೇಳಿದೆ. ಹೂಂ ಅಂದರು. ಅವರ ಹೂಂ ಎಷ್ಟು ಅಗ್ಗದ್ದು ಎಂದು ಇಷ್ಟು ವರ್ಷ ಸಂಸಾರ ಮಾಡಿ ಗೊತ್ತಿದ್ದರೂ ನಾನು ನಂಬಿದೆ.

ವಾಪಸು ಬಂದಾಗ ಬಾಗಿಲಿಗೆ ಯಾರೂ ಓಡಿ ಬರಲಿಲ್ಲ. ಅಡಿಗೆಮನೆಯಲ್ಲಿ ಅದರ ತಾಟು ತೊಳೆದು ಬೋರಲು ಹಾಕಿತ್ತು. ನಾನು ಕೇಳುವ ಮೊದಲೇ ಯಜಮಾನರು, ತಮ್ಮ ಪಿಕಪ್ ತಂದಿದ್ದ, ತೋಟಕ್ಕೆ ಕರೆದುಕೊಂಡು ಹೋದ, ಅಲ್ಲಿ ಬಯಲು ಇದೆ, ಅಡ್ಡಾಡಿಕೊಂಡು ಆರಾಮ ಇರುತ್ತದೆ ಎಂದರು. ಈ ಮಾತು ಹೇಳುವಾಗ ಅವರು ನನ್ನ ಕಡೆ ನೋಡಲಿಲ್ಲ, ಗೋಡೆಯ ಕ್ಯಾಲೆಂಡರು ನೋಡುತ್ತಿದ್ದರು. ನಾನು ಬ್ಯಾಗು ಎತ್ತಿ ನೆಲಕ್ಕೆ ಹೊಡೆದೆ. ಕುಬಸದ ಬುತ್ತಿಯ ಡಬ್ಬಿ ಒಡೆದು ಕರ್ಚಿಕಾಯಿ ನೆಲದ ತುಂಬ ಹರಡಿದವು. ಯಾರೂ ಆರಿಸಲಿಲ್ಲ. ನಾನಂತೂ ಆರಿಸಲಿಲ್ಲ.

ಮರುದಿನವೇ ತಿಕೋಟಾಕ್ಕೆ ಹೊರಟು ನಿಂತೆ. ಯಜಮಾನರು ಅಡ್ಡ ಬಂದರು. ತಾಯಿಗೆ ಇನ್ನೂ ಸಿಟ್ಟು ಇಳಿದಿಲ್ಲ, ಮನೆಯಲ್ಲಿ ಚಿಗಟ ಹೋಗಲಿ, ಆಮೇಲೆ ನಾನೇ ಹೋಗಿ ತರುತ್ತೇನೆ ಎಂದರು. ನಾಯಿ ಇಲ್ಲದಿದ್ದರೆ ಚಿಗಟ ತಾವಾಗಿ ಹೋಗುತ್ತವೆ ಎಂಬುದು ತಾಯಿ ಮಗ ಇಬ್ಬರ ಲೆಕ್ಕ. ಮೈದುನನಿಗೆ ಫೋನು ಹಚ್ಚಿದರೆ, ಆರಾಮ ಐತಿ ವೈನಿ, ರೊಟ್ಟಿ ತಿಂದು ಮಲಗೇತಿ ಎಂದ. ನಾನು ಕಾದೆ. ಆ ಕಾದದ್ದಕ್ಕೆ ಈಗಲೂ ಹಲ್ಲು ಕಡಿಯುತ್ತೇನೆ.

ಚಿಗಟಗಳು ಹೋಗಲಿಲ್ಲ. ಹೋಗುತ್ತವೆಯೇ, ಅವುಗಳ ಊಟ ಮಾತ್ರ ಹೋಗಿತ್ತು. ಮನೆಯಲ್ಲಿ ನಾಯಿ ಇಲ್ಲದಾಗ ಕೌದಿಯಿಂದ ಹಸಿದು ಎದ್ದವು ಮನುಷ್ಯರನ್ನು ಹುಡುಕಿಕೊಂಡು ಬಂದವು. ಅತ್ತೆಯ ಕಾಲು ಮೊಣಕಾಲಿನ ತನಕ ಗುಳ್ಳೆಗಟ್ಟಿತು. ಯಜಮಾನರು ಅಂಗಡಿಯಲ್ಲಿ ಗಿರಾಕಿಗಳ ಮುಂದೆ ಒಂದು ಕಾಲಿನಿಂದ ಇನ್ನೊಂದು ಕಾಲು ತಿಕ್ಕುತ್ತ ಸಕ್ಕರೆ ತೂಗಿದರಂತೆ. ಎದುರಿನ ಅಂಗಡಿಯವನು ಏನಾಗಿದೆ ಎಂದು ಕೇಳಿದನಂತೆ. ಮನೆಗೆ ಬಂದು ನನ್ನ ಮುಂದೆ ಇದನ್ನು ಹೇಳಿಕೊಂಡರು. ನಾನು ಸಮಾಧಾನ ಹೇಳುತ್ತೇನೆ ಎಂದುಕೊಂಡಿದ್ದರೋ ಏನೋ. ನನಗೆ ಒಳಗೊಳಗೆ ಖುಷಿಯಾಯಿತು. ಕಡಿಯಲಿ, ಇನ್ನೂ ಕಡಿಯಲಿ ಎಂದುಕೊಂಡೆ. ನನ್ನನ್ನೂ ಕಡಿಯುತ್ತಿದ್ದವು, ಅದು ಬೇರೆ ಮಾತು.

ಈಗಾದರೂ ಮನೆಯವರಿಗೆ ಬುದ್ಧಿ ಬರುತ್ತದೆ, ಚಿಗಟ ನಾಯಿಯದಲ್ಲ ಎಂದು ಒಪ್ಪುತ್ತಾರೆ ಎಂದು ಕಾಯುತ್ತಿದ್ದೆ. ಒಂದು ಮಧ್ಯಾಹ್ನ ಅತ್ತೆ ಕೊಬ್ಬರಿ ಎಣ್ಣೆ ಸವರಿಕೊಳ್ಳುತ್ತ, ಮಾತು ಬಿಟ್ಟಿದ್ದವರು ತಾವಾಗಿಯೇ ಮಾತಾಡಿದರು.

“ಆ ನಾಯಿನ ತಂದ ಬಿಡ್ರಿ ಮನಿಗಿ. ಅದ ಇದ್ರ ಚಿಗಟ ಅದರ ಮ್ಯಾಲರೆ ಹೋಗ್ತಾವ, ನಮ್ಮನ್ನ ಬಿಡ್ತಾವ.”

ನನ್ನ ಕೈಯಲ್ಲಿ ಮೊರ ಇತ್ತು. ಅದನ್ನು ಅಲ್ಲೇ ಇಟ್ಟೆ. ಇಷ್ಟು ದಿನ ಚಿಗಟ ತರುತ್ತದೆ ಎಂದು ಹೊರಗೆ ಹಾಕಿದ ನಾಯಿ ಈಗ ಚಿಗಟಕ್ಕೆ ಹಾಕುವ ಊಟವಾಗಿ ಬೇಕಾಗಿತ್ತು. ಅತ್ತೆ ಇದನ್ನು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ, ಮನೆಗೆ ಅನುಕೂಲವಾದ ಮಾತು ಎಂದೇ ಹೇಳಿದರು. ಅದಕ್ಕೇ ನನಗೆ ನೆತ್ತಿಗೇರಿದ್ದು. ಉಟ್ಟ ಸೀರೆಯಲ್ಲೇ ಚೀಲ ತೆಗೆದುಕೊಂಡು ಬಸ್ ಸ್ಟ್ಯಾಂಡಿಗೆ ನಡೆದೆ. ಹೊನವಾಡದ ಬಸ್ಸು ಹೊರಡುತ್ತಿತ್ತು, ಹತ್ತಿ ತಿಕೋಟಾದಲ್ಲಿ ಇಳಿದೆ.

ತೋಟದಲ್ಲಿ ಮೈದುನ ಕೊಳಾಯಿ ಹತ್ತಿರ ಬೆನ್ನಿಗೆ ಹಾಕಿಕೊಳ್ಳುವ ಪಂಪು ತೊಳೆಯುತ್ತಿದ್ದ. ನನ್ನನ್ನು ನೋಡಿ ಅವನ ಮುಖ ಅರಳಿತು. ಒಳ್ಳೆಯ ಸುದ್ದಿ ಹೇಳುವವನ ಹಾಗೆ ಎದ್ದು ಬಂದ.

“ಈಗಷ್ಟ ಹೊಡದೇನಿ ವೈನಿ. ಚಿಗಟ ಒಂದೂ ಉಳದಿಲ್ಲ ನೋಡ್ರಿ, ಎಲ್ಲಾ ಸತ್ತಾವ.”

ನಾಯಿ ಎಲ್ಲಿ ಎಂದೆ. ಒಣದ್ರಾಕ್ಷಿಯ ಶೆಡ್ಡಿನ ಕಡೆ ಕೈ ತೋರಿಸಿದ. ಅಲ್ಲಿ ಖಾಲಿ ಕ್ರೇಟುಗಳ ಹಿಂದೆ ಅದು ಬಿದ್ದಿತ್ತು. ಮೈಯೆಲ್ಲ ಒದ್ದೆ, ಬಾಯಿಯಿಂದ ಜೊಲ್ಲು ದಾರದ ಹಾಗೆ ನೆಲಕ್ಕೆ ಇಳಿದಿತ್ತು. ಹಿಂಗಾಲು ತಾವಾಗಿಯೇ ನಡುಗುತ್ತಿದ್ದವು. ನನ್ನ ದನಿಗೆ ಬಾಲ ಅಲ್ಲಾಡಿಸಲು ನೋಡಿತು, ಬಾಲ ಏಳಲಿಲ್ಲ. ಆ ಸ್ಥಿತಿಯಲ್ಲೂ ಮುಂಗಾಲು ನೆಕ್ಕಿಕೊಳ್ಳುತ್ತಿತ್ತು.

ನಾನು ಚೀರಲಿಲ್ಲ, ಅಳಲೂ ಇಲ್ಲ. ಅದನ್ನು ಎತ್ತಿಕೊಂಡು ಕೊಳಾಯಿಯ ಕೆಳಗೆ ಹಾಕಿ ಬಟ್ಟೆ ಸಾಬೂನಿನಿಂದ ತಿಕ್ಕಿ ತಿಕ್ಕಿ ತೊಳೆದೆ. ವಾಸನೆ ಹೋಗುತ್ತಿರಲಿಲ್ಲ, ಮತ್ತೆ ತೊಳೆದೆ. ಬಾಯಿ ಒರೆಸಿದೆ. ಮೈದುನ ಮೊದಲು, ಅಷ್ಟು ಏನೂ ಆಗುವುದಿಲ್ಲ ವೈನಿ, ಗಾಳಿಗೆ ಬಿಡಿ ಎಂದ. ಆಮೇಲೆ ನಾಯಿಯ ಕಣ್ಣು ನೋಡಿದ. ಗಾಡಿ ತೆಗೆ ಎಂದೆ. ತೆಗೆದ. ತಿಕೋಟಾದಿಂದ ವಿಜಯಪುರದ ತನಕ ನಾಯಿ ನನ್ನ ತೊಡೆಯ ಮೇಲೆ ನಡುಗುತ್ತಿತ್ತು, ಮೈದುನ ಗಾಡಿ ಓಡಿಸಿದ. ಅವನು ದುಷ್ಟನಾಗಿದ್ದರೆ ನನಗೆ ಬಯ್ಯುವುದು ಸಲೀಸಾಗುತ್ತಿತ್ತು. ಅವನು ನಾಯಿಗೆ ಒಳ್ಳೆಯದು ಮಾಡುತ್ತಿದ್ದೇನೆ ಎಂದೇ ಪಂಪು ಎತ್ತಿದ್ದ. ಅದು ತಪ್ಪಿಸಿಕೊಂಡು ಓಡದ ಹಾಗೆ ಕಂಬಕ್ಕೆ ಕಟ್ಟಿ ಹೊಡೆದಿದ್ದ ಎಂದು ಆಮೇಲೆ ಗೊತ್ತಾಯಿತು.

ಡಾಕ್ಟರು ಯಾವ ಔಷಧ ಎಂದು ಕೇಳಿದರು. ಮೈದುನ ಹೆಸರು ಹೇಳಿದ. ಅವರ ಮುಖ ಗಂಟಿಕ್ಕಿತು. ಇಂಜೆಕ್ಷನ್ ಕೊಟ್ಟರು, ಸಲೈನು ಹಚ್ಚಿದರು, ಮತ್ತೆ ಇಂಜೆಕ್ಷನ್ ಕೊಟ್ಟರು. ಸಂಜೆಯ ಹೊತ್ತಿಗೆ ನಡುಕ ನಿಂತಿತು. ತೊಳೆಯದೆ ತಂದಿದ್ದರೆ ದಾರಿಯಲ್ಲೇ ಹೋಗುತ್ತಿತ್ತು ಎಂದು ಡಾಕ್ಟರು ಹೇಳಿದಾಗ ಮೈದುನ ತಲೆ ತಗ್ಗಿಸಿ ಹೊರಗೆ ಹೋದ. ನಾನು ಅವನನ್ನು ಕರೆಯಲಿಲ್ಲ. ಜೀವಕ್ಕೆ ಭಯವಿಲ್ಲ, ಆದರೆ ಕೆಲವು ದಿನ ಇಲ್ಲೇ ಇರಲಿ, ಆಮೇಲೂ ಚಿಗಟ ಇರುವ ಮನೆಗೆ ಒಯ್ಯಬೇಡಿ ಎಂದು ಡಾಕ್ಟರು ಹೇಳಿದರು.

ಹಾಗಾದರೆ ಮನೆಯಲ್ಲಿ ಚಿಗಟ ಇರಬಾರದು ಅಷ್ಟೇ. ಮರುದಿನ ಬೆಳಿಗ್ಗೆ ನಾನು ಯಾರನ್ನೂ ಕೇಳದೆ ಕೌದಿ ರಾಶಿಯನ್ನು ಕೆಡವಿದೆ. ಅತ್ತೆ ಬೇಡ ಬೇಡ ಎಂದರು. ಕೌದಿಗಳ ಮಡಿಕೆ ಬಿಡಿಸಿದಾಗ ಎಳ್ಳಿನ ಹೊಟ್ಟಿನ ಹಾಗೆ ಕಪ್ಪು ಪುಡಿ ಉದುರಿತು, ಅದರ ನಡುವೆ ಬಿಳಿ ರವೆಯಂಥ ತತ್ತಿಗಳು. ಎಲ್ಲಕ್ಕಿಂತ ಹೆಚ್ಚು ತುಂಬಿದ್ದು ತಿಕೋಟಾದ ಶೆಡ್ಡಿನಿಂದ, ಕುರಿ ಹಿಂಡಿನ ನಾಯಿಗಳು ಅಡ್ಡಾಡಿದ ಜಾಗದಿಂದ ಬಂದ ಕೌದಿಗಳಲ್ಲಿ. ಬಿಳಿ ಪಂಚೆಯೊಂದನ್ನು ಒದ್ದೆ ಮಾಡಿ ಅತ್ತೆಯ ಮುಂದೆ ಹಾಸಿ ಆ ಪುಡಿಯನ್ನು ಅದರ ಮೇಲೆ ಸುರಿದೆ. ಚುಕ್ಕೆ ಚುಕ್ಕೆಯಾಗಿ ಕೆಂಪು ಹರಡುತ್ತ ಹೋಯಿತು. ಇದು ನಾಯಿಯ ರಕ್ತವೋ, ನಿಮ್ಮ ರಕ್ತವೋ, ನೀವೇ ಹೇಳಿ ಎಂದೆ. ಯಜಮಾನರು ಪೇಪರು ಕೆಳಗಿಟ್ಟು ಬಗ್ಗಿ ನೋಡಿದರು.

ಸಾಮಾನು ಹೇರುವ ಟಂಟಂ ಆಟೋ ಕರೆಸಿ ಅಷ್ಟೂ ಕೌದಿಗಳನ್ನು ಹೇರಿಸಿ ಬಬಲೇಶ್ವರಕ್ಕೆ ಒಯ್ದೆ. ತವರಿನಲ್ಲಿ ಬೋರು ಇದೆ, ನೀರಿಗೆ ಬರ ಇಲ್ಲ. ಆದರೆ ನಾನು ಒಯ್ದದ್ದು ನೀರಿಗಾಗಿ ಮಾತ್ರ ಅಲ್ಲ. ಗಂಡನ ಮನೆಯ ಕೌದಿಯನ್ನು ಒಗೆಯಲು ತವರಿಗೆ ಒಯ್ಯುವುದೆಂದರೆ ಆ ಮನೆಯ ಹೊಲಸನ್ನು ಬೀಗರ ಅಂಗಳದಲ್ಲಿ ಹರಡಿದ ಹಾಗೆ. ನಮ್ಮ ಓಣಿಯವರೆಲ್ಲ ಬಾಗಿಲಿಗೆ ಬಂದು ನೋಡಿದರು. ಯಾರು ಹೋದರು ಎಂದು ಒಬ್ಬಾಕೆ ನಿಜವಾಗಿಯೂ ಕೇಳಿದಳು. ಇನ್ನೂ ಯಾರೂ ಇಲ್ಲ ಎಂದೆ. ಅತ್ತೆ ಒಳಗಿನಿಂದ ಕೇಳಿಸಿಕೊಂಡರು. ಈ ಅವಮಾನವನ್ನು ಬೇಕೆಂದೇ ಮಾಡಿದೆ, ಅದಕ್ಕಾಗಿ ನನಗೆ ಈಗಲೂ ಬೇಸರವಿಲ್ಲ.

ಅತ್ತಿಗೆ, ಅಂದರೆ ಅಣ್ಣನ ಹೆಂಡತಿ, ಮೂಗಿನ ಮೇಲೆ ಬೆರಳಿಟ್ಟಳು. ಆದರೂ ಹಿತ್ತಲಲ್ಲಿ ಒಲೆ ಹೂಡಿ ದೊಡ್ಡ ಹಂಡೆ ಏರಿಸಿದಳು. ವಾಷಿಂಗ್ ಸೋಡಾ ಹಾಕಿ ಒಂದೊಂದೇ ಕೌದಿ ಕುದಿಸಿ, ಕೋಲಿನಿಂದ ಎತ್ತಿ ಕಲ್ಲಿಗೆ ಬಡಿದೆವು. ನೀರು ಕಪ್ಪುಗೆಂಪಾಗಿ ಹರಿಯಿತು. ಪ್ರತಿ ಬಡಿತಕ್ಕೂ ಒಬ್ಬೊಬ್ಬರನ್ನು ನೆನಪು ಮಾಡಿಕೊಂಡೆ. ತೋಳು ಬಿದ್ದು ಹೋದರೂ ಸಿಟ್ಟು ಇಳಿಯಲಿಲ್ಲ. ಮಳೆ ಬಿಡುವು ಕೊಟ್ಟಾಗಲೆಲ್ಲ ಬೇಲಿ, ಗೋಡೆ, ಟ್ರ್ಯಾಕ್ಟರಿನ ಟ್ರೇಲರು, ಎಲ್ಲೆಂದರಲ್ಲಿ ಹರವಿದೆವು. ಅತ್ತೆ ಹೊಲಿದ ಹೊಲಿಗೆ ಒಂದೂ ಬಿಚ್ಚಿರಲಿಲ್ಲ. ಅಷ್ಟು ಒಳ್ಳೆಯ ಕೈ, ಅಂಥ ಹಟ.

ಕೌದಿಗಳನ್ನು ಒಣಗುವ ತನಕ ಅಲ್ಲೇ ಬಿಟ್ಟು ಬಂದು, ಇತ್ತ ಮನೆಯಲ್ಲಿ ದಿನಾ ಸಂದುಗೊಂದು ಬಿಡದೆ ಗುಡಿಸಿ, ಕಸ ಸುಟ್ಟು, ಕುದಿಯುವ ನೀರು ಸುರಿದೆ. ಗೂಡಿನಲ್ಲಿರುವ ಮರಿಗಳು ತಡವಾಗಿ ಏಳುತ್ತವೆ, ಬೇಸರ ಮಾಡದೆ ಗುಡಿಸಿ ಎಂದು ಡಾಕ್ಟರು ಹೇಳಿದ್ದರು. ಯಜಮಾನರಿಗೆ ಬಿಳಿ ಕಾಲುಚೀಲ ತೊಡಿಸಿ ಒಳಕೋಣೆಯಲ್ಲಿ ಅಡ್ಡಾಡಿಸುತ್ತಿದ್ದೆ, ಚಿಗಟ ಇದ್ದರೆ ಬಿಳಿಯ ಮೇಲೆ ಹಾರಿ ಕೂರುತ್ತವೆ. ಅಂಗಡಿ ತೆರೆಯಲು ಹೊತ್ತಾಯಿತು ಎಂದರೂ ಬಿಡಲಿಲ್ಲ. ಹೂಂ ಅನ್ನುತ್ತಲೇ ಅಡ್ಡಾಡಿದರು. ಕಾಲುಚೀಲ ದಿನಾ ಬೆಳ್ಳಗೇ ಉಳಿಯತೊಡಗಿದ ಮೇಲೆ ನಾನು ಆಸ್ಪತ್ರೆಗೆ ಹೋಗಿ ನಾಯಿಯನ್ನು ಕರೆದುಕೊಂಡು ಬಂದೆ.

ಆಟೋದಿಂದ ಇಳಿದದ್ದೇ ಅದು ಬಾಲ ಅಲ್ಲಾಡಿಸಿತು. ಓಣಿಯ ಮೂಲೆ ಮೂಲೆ ಮೂಸಿತು. ಬಾಗಿಲ ತನಕ ನನ್ನ ಮುಂದೆ ಮುಂದೆ ಬಂತು. ಹೊಸ್ತಿಲ ಹತ್ತಿರ ನಿಂತುಬಿಟ್ಟಿತು. ನಾನು ಒಳಗೆ ಹೋಗಿ ಕರೆದೆ. ಕಿವಿ ಅಲ್ಲಾಡಿಸಿತು, ಬರಲಿಲ್ಲ. ಎತ್ತಿ ಒಳಗೆ ತಂದು ಬಿಟ್ಟರೆ ನೆಲಕ್ಕೆ ಹೊಟ್ಟೆ ಹಚ್ಚಿ ತೆವಳಿಕೊಂಡು ಹೊರಗೆ ಹೋಗಿ ಕಟ್ಟೆಯ ಮೇಲೆ ಮಲಗಿತು. ಅತ್ತೆ ಗೋಡೆ ಹಿಡಿದುಕೊಂಡು ಬಾಗಿಲ ತನಕ ಬಂದರು. ಒಗೆದ ಕೌದಿಯೊಂದನ್ನು ತಾವೇ ಮಂಚದ ಕಾಲದೆಸೆಗೆ ಹಾಸಿಟ್ಟು ಬಂದಿದ್ದರು.

“ಬಾರಲೇ, ಒಳಗ ಬಾ. ಯಾಕ ಬರವಲ್ದು ಬೇ ಇದು?”

“ನೀವ ಹೊರಗ ಹಾಕೀರಿ ಅಂತ ಅದಕ್ಕ ಗೊತ್ತೈತ್ರಿ ಅತ್ತಿ,” ಎಂದೆ. ಕೌದಿ ಅಲ್ಲೇ ಹಾಸಿ ಬಿದ್ದಿತ್ತು, ಅದನ್ನು ಅವರು ಮಡಚಲೂ ಇಲ್ಲ, ನನಗೆ ಮಡಚಲು ಬಿಡಲೂ ಇಲ್ಲ.

ಮಹಾನವಮಿ ಬಂತು. ಆ ಸಲ ನಮ್ಮ ಮನೆಯಲ್ಲಿ ಒಗೆಯಲು ಕೌದಿ ಇರಲಿಲ್ಲ. ಮೈದುನ ಬನ್ನಿ ಕೊಡಲು ಬಂದಾಗ ನಾಯಿ ಅವನ ಗಾಡಿಯ ಸಪ್ಪಳಕ್ಕೇ ಎದ್ದು ಕಟ್ಟೆಯ ಕೆಳಗೆ ಸೇರಿಕೊಂಡಿತು, ನಿಂತಲ್ಲೇ ಉಚ್ಚೆ ಹೊಯ್ದುಕೊಂಡಿತು. ಅವನು ಅದನ್ನು ನೋಡಿದ. ಬನ್ನಿ ಎಲೆ ನನ್ನ ಕೈಗೆ ಕೊಟ್ಟು, ಬಂಗಾರದಂಗ ಇರೂಣ್ರಿ ವೈನಿ ಎಂದ. ಎಲೆ ತೆಗೆದುಕೊಂಡೆ, ಮಾತು ವಾಪಸು ಕೊಡಲಿಲ್ಲ.

ಈಗ ಮನೆಯಲ್ಲಿ ಚಿಗಟವಿಲ್ಲ, ಯಾರ ಕಾಲ ಮೇಲೂ ಗುಳ್ಳೆಯಿಲ್ಲ. ಮಧ್ಯಾಹ್ನ ಅತ್ತೆ ಕಾಲು ಇಳಿಬಿಟ್ಟುಕೊಂಡು ಮಂಚದ ಮೇಲೆ ಕೂತು ಒಂದು ಸಲ ಕರೆಯುತ್ತಾರೆ. ಹೊರಗೆ ಕಟ್ಟೆಯ ಮೇಲೆ ಅದು ಮಡಚಿದ ಕಿವಿಯನ್ನು ಎತ್ತಿ ಕೇಳಿಸಿಕೊಳ್ಳುತ್ತದೆ, ಏಳುವುದಿಲ್ಲ. ಮುಂಜಾನೆ ರೊಟ್ಟಿ ಬಡಿಯುವಾಗಲೂ ಅಡಿಗೆಮನೆಯ ಬಾಗಿಲು ಖಾಲಿ ಇರುತ್ತದೆ. ಮೊದಲ ರೊಟ್ಟಿಯನ್ನು ನಾನು ಹೊಸ್ತಿಲು ದಾಟಿ ಹೋಗಿ ಹಾಕಿ ಬರುತ್ತೇನೆ.